ಒತ್ತೆಯಾಳು ಮಕ್ಕಳ ಚಿತ್ರ ಮತ್ತು ನಮ್ಮ ಮಕ್ಕಳ ಪುಸ್ತಕ

ಮಕ್ಕಳಿಗಾಗಿ ಬರೆದ ಟಿಪ್ಪು ಸುಲ್ತಾನರ ಪುಸ್ತಕ ಕೈಗೆ ಸಿಕ್ಕಿದರೆ ನಾನು ಮೊದಲು ತೆರೆಯುವುದು 1792ರ ಪುಟವನ್ನು. ಹುಲಿಯ ಚಿತ್ರ ಹೇಗೂ ಇದ್ದೇ ಇರುತ್ತದೆ. ಪುಸ್ತಕದ ಯೋಗ್ಯತೆ ತಿಳಿಯುವುದು ಸೋಲಿನ ಪುಟದಲ್ಲಿ.

ಆ ವರ್ಷದ ಶ್ರೀರಂಗಪಟ್ಟಣ ಒಪ್ಪಂದದಂತೆ ಟಿಪ್ಪು ರಾಜ್ಯದ ಅರ್ಧ ಭಾಗವನ್ನು ಬಿಟ್ಟುಕೊಟ್ಟರು, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದರು. ಈಗಿನ ಸೇಲಂ, ಧರ್ಮಪುರಿಯ ನೆಲ ಈಸ್ಟ್ ಇಂಡಿಯಾ ಕಂಪೆನಿಯ ಪಾಲಾದದ್ದು ಹೀಗೆ. ಧರ್ಮಪುರಿ, ಕೃಷ್ಣಗಿರಿಯ ಸೀಮೆಯನ್ನು ಆಗ ಬಾರಾಮಹಲ್ ಎನ್ನುತ್ತಿದ್ದರು. ಹಣ ಪೂರ್ತಿ ಸಂದಾಯವಾಗುವವರೆಗೆ ಟಿಪ್ಪುವಿನ ಇಬ್ಬರು ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಝುದ್ದೀನ್, ಕಾರ್ನ್‌ವಾಲಿಸ್‌ನ ಒತ್ತೆಯಾಳುಗಳಾದರು. ಇಬ್ಬರೂ ಪುಟ್ಟ ಹುಡುಗರು. ಅವರು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ.

ಈ ಪ್ರಸಂಗದ ಹಳೆಯ ವರ್ಣಚಿತ್ರಗಳು ಹಲವಿವೆ, ಚರಿತ್ರೆಯ ಪುಸ್ತಕಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತವೆ. ರಾಬರ್ಟ್ ಹೋಮ್ ಕಂಪೆನಿ ಸೈನ್ಯದ ಜೊತೆಗೇ ಬಂದಿದ್ದ ಕಲಾವಿದ. ಮ್ಯಾಥರ್ ಬ್ರೌನ್ ಭಾರತಕ್ಕೆ ಕಾಲಿಡದೆ ಲಂಡನ್ನಿನಲ್ಲಿ ಕೂತು ಬರೆದವನು. ಇಬ್ಬರ ಚಿತ್ರದಲ್ಲೂ ಕಾರ್ನ್‌ವಾಲಿಸ್ ದಯಾಳು ತಂದೆಯಂತೆ ಮಕ್ಕಳನ್ನು ಬರಮಾಡಿಕೊಳ್ಳುತ್ತಾನೆ. ಗೆದ್ದವರು ಗೆದ್ದವರಿಗಾಗಿ ಬರೆಸಿದ ಚಿತ್ರ ಇನ್ನು ಹೇಗಿರುತ್ತದೆ? ಚಿತ್ರ ಹಾಕಬಾರದು ಎಂದಲ್ಲ. ಬರೆದವರು ಯಾರು, ಎಲ್ಲಿ, ಯಾರಿಗಾಗಿ ಎಂದು ಕೆಳಗೆ ಎರಡು ಸಾಲು ಹಾಕಿರಬೇಕು. ಆ ಎರಡು ಸಾಲು ಇರುವ ಪುಸ್ತಕಕ್ಕೆ ನಾನು ಐವತ್ತು ರೂಪಾಯಿ ಹೆಚ್ಚು ಕೊಡಲೂ ಸಿದ್ಧ. ಏಳೆಂಟು ವರ್ಷದ ಮಗುವಿಗೆ ಇದು ಅರ್ಥವಾಗುವುದಿಲ್ಲ ಎನ್ನುವವರಿದ್ದಾರೆ. "ಉಮ್ಮನನ್ನು ಬಿಟ್ಟು ಹೋಗುವ ಹುಡುಗ ಇಷ್ಟು ಖುಷಿಯಾಗಿ ನಿಂತಿರುತ್ತಾನಾ?" ಎಂದು ಕೇಳಿ ನೋಡಿ, ಚಿತ್ರದಲ್ಲಿ ಏನೋ ಸರಿಯಿಲ್ಲ ಎಂಬುದು ಮಗುವಿಗೇ ಹೊಳೆಯುತ್ತದೆ.

ಮಕ್ಕಳ ಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುವುದು ಆ ನೆಲದ ರೈತರನ್ನು. ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಬಾರಾಮಹಲಿನ ಹೊಲಗಳನ್ನು ಅಳೆಸಿ, ಒಬ್ಬೊಬ್ಬ ರೈತನಿಂದಲೂ ನೇರವಾಗಿ ಕಂದಾಯ ವಸೂಲು ಮಾಡುವ ರೈತವಾರಿ ಪದ್ಧತಿಯನ್ನು ರೂಪಿಸಿದ್ದು ಅಲ್ಲಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇದೇ ಮನ್ರೋ ನಮ್ಮ ಕೆನರಾಕ್ಕೆ ಕಲೆಕ್ಟರ್ ಆಗಿ ಬಂದ. ಧರ್ಮಪುರಿಗೂ ಮಂಗಳೂರಿಗೂ ಏನು ಸಂಬಂಧ ಎಂದು ಕೇಳುವ ಮಗುವಿಗೆ ಒಂದು ನಕ್ಷೆ ಸಾಕು. ನಕ್ಷೆ ಇಲ್ಲದ ಚರಿತ್ರೆಯ ಪುಸ್ತಕವನ್ನು ನಾನಂತೂ ಕೊಳ್ಳುವುದಿಲ್ಲ.

ಇನ್ನೊಂದು ಮಾತು ನಮ್ಮವರಿಗೆ ಕಹಿ ಎನಿಸಬಹುದು. ಒತ್ತೆಯಾಳು ಮಕ್ಕಳ ಬಗ್ಗೆ ಕಣ್ಣೀರು ತರಿಸುವ ಪುಸ್ತಕ, 1784ರಲ್ಲಿ ಟಿಪ್ಪು ಮಂಗಳೂರಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದನ್ನೂ ಹೇಳಬೇಕು. ಆ ಸೆರೆಯಲ್ಲೂ ಮಕ್ಕಳಿದ್ದರು. ನಮ್ಮ ಪಕ್ಕದ ಮನೆಯ ಮಗುವಿಗೆ ಅದು ಅಜ್ಜಿ ಹೇಳಿದ ಕಥೆ. ನಮ್ಮ ಮಗು ಅದನ್ನು ಶಾಲೆಯ ಬೆಂಚಿನ ಮೇಲೆ ಜಗಳದಲ್ಲಿ ಕೇಳುವುದಕ್ಕಿಂತ ಮನೆಯಲ್ಲಿ, ಒಳ್ಳೆಯ ಪುಸ್ತಕದಲ್ಲಿ ಓದಲಿ. ಟಿಪ್ಪು ಬರೀ ವಲಿಯೂ ಅಲ್ಲದ, ಬರೀ ರಾಕ್ಷಸನೂ ಅಲ್ಲದ ಪುಸ್ತಕ ಹುಡುಕುವುದು ಈಗ ಕಷ್ಟ. ಸಿಕ್ಕಿದರೆ ಎರಡು ಪ್ರತಿ ಕೊಳ್ಳಿ, ಒಂದನ್ನು ಮದ್ರಸದ ಕಪಾಟಿನಲ್ಲಿಡಿ.

ಸೇಲಂ ಕಡೆ ನೆಲೆಸಿರುವ ಬ್ಯಾರಿ ಮನೆಗಳಿಗೆ ಇನ್ನೂ ಒಂದು ಅನುಕೂಲವಿದೆ. ಜಿಲ್ಲೆಯಲ್ಲೇ ಸಂಗಗಿರಿ ಕೋಟೆಯಿದೆ. ಕಂಪೆನಿಯ ವಿರುದ್ಧ ಹೋರಾಡಿದ ಧೀರನ್ ಚಿನ್ನಮಲೈಯನ್ನು 1805ರಲ್ಲಿ ಗಲ್ಲಿಗೇರಿಸಿದ್ದು ಅಲ್ಲಿ. ಶಾಲೆಯಲ್ಲಿ ತಮಿಳು ಓದುವ ಮಕ್ಕಳಿಗೆ ಅವನ ಹೆಸರು ಗೊತ್ತಿರುತ್ತದೆ. ಅವನ ಪುಸ್ತಕವನ್ನು ತಮಿಳಿನಲ್ಲೂ ಟಿಪ್ಪುವಿನದನ್ನು ಕನ್ನಡದಲ್ಲೂ ತಂದು, ಎರಡನ್ನೂ ಬ್ಯಾರಿಯಲ್ಲಿ ಓದಿ ಹೇಳಿ, ಒಂದು ಭಾನುವಾರ ಮಕ್ಕಳನ್ನು ಕೋಟೆ ಹತ್ತಿಸಿ. ನೀರಿನ ಬಾಟಲಿ ಮರೆಯಬೇಡಿ, ಬಿಸಿಲು ಜೋರು.