ವಿಲಾಯತಿಯ ಏಜಂಟರೂ ಕರ್ನಾಟಕದ ಕಾದಂಬರಿಕಾರರೂ

ಆರ್. ಕೆ. ನಾರಾಯಣರ ಮೊದಲನೆಯ ಕಾದಂಬರಿಯು ವಿಲಾಯತಿಯಲ್ಲಿ ಅಚ್ಚಾದ ಬಗೆಯನ್ನು ಕುರಿತು ಸಾಹಿತ್ಯಚರಿತ್ರೆಗಳು ಹೇಳುವ ಕಥೆಯು ವಾಚಕರಿಗೆಲ್ಲ ಪರಿಚಿತವಾದುದೇ. ಮೈಸೂರಿನ ತರುಣನೊಬ್ಬನ ಹಸ್ತಪ್ರತಿಯನ್ನು ಅವನ ಮಿತ್ರನು ಆಕ್ಸ್‌ಫರ್ಡಿನಲ್ಲಿ ಗ್ರಹಾಂ ಗ್ರೀನರ ಕೈಗೆ ಕೊಟ್ಟನು. ಗ್ರೀನರು ಓದಿ ಮೆಚ್ಚಿ ಪ್ರಕಾಶಕರಿಗೆ ಹೇಳಿದರು. 1935ನೆಯ ಇಸವಿಯಲ್ಲಿ ಪುಸ್ತಕವು ಹೊರಬಿದ್ದಿತು. ಈ ಕಥೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಸ್ನೇಹದ ಮಹಿಮೆಯೆಂದೋ ದೈವಯೋಗವೆಂದೋ ವರ್ಣಿಸಿ ಅಲ್ಲಿಗೇ ನಿಲ್ಲಿಸುವುದು ವಾಡಿಕೆಯಾಗಿರುವುದರಿಂದ, ಆ ಪುಸ್ತಕದ ತರುವಾಯ ಬಂದ ಪುಸ್ತಕಗಳು ಹೇಗೆ ಅಚ್ಚಾದುವೆಂಬ ಪ್ರಶ್ನೆಯನ್ನು ಕೇಳುವವರು ವಿರಳ. ಸ್ನೇಹವು ಒಂದು ಬಾಗಿಲನ್ನು ತೆರೆಯಿತು. ಅದನ್ನು ತೆರೆದಂತೆಯೇ ಇರಿಸಿದುದು ಬೇರೊಂದು ಉದ್ಯೋಗ. ಆ ಉದ್ಯೋಗದ ಸ್ವರೂಪವೇನು, ಕನ್ನಡದಲ್ಲಿ ಬರೆದವರಿಗೆ ಅದು ಏಕೆ ಒದಗಲಿಲ್ಲ, ಎಂಬೆರಡು ಮಾತುಗಳನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದೆ.

ಗ್ರಂಥಕರ್ತನಿಗೂ ಪ್ರಕಾಶಕನಿಗೂ ನಡುವೆ ನಿಂತು ವ್ಯವಹಾರವನ್ನು ಕುದುರಿಸಿಕೊಡುವ, ಆಂಗ್ಲರು ಲಿಟರರಿ ಏಜಂಟನೆಂದು ಕರೆಯುವ ಮನುಷ್ಯನು ಬಹಳ ಹಳಬನಲ್ಲ. ಎ. ಪಿ. ವಾಟ್ ಎಂಬ ಸ್ಕಾಟ್ಲೆಂಡಿನವನು ಲಂಡನ್ನಿನಲ್ಲಿ 1870ರ ದಶಕದಲ್ಲಿ ಈ ಕೆಲಸಕ್ಕೆ ಕೈಹಾಕಿದನು. ಕಿಪ್ಲಿಂಗನೇ ಮೊದಲಾದವರು ಅವನ ಕಕ್ಷಿಗಾರರಾದರು. ಬಂದ ಹಣದಲ್ಲಿ ನೂರಕ್ಕೆ ಹತ್ತು ಅವನ ಪಾಲು. 1884ರಲ್ಲಿ ವಾಲ್ಟರ್ ಬೆಸಂಟನು ಗ್ರಂಥಕರ್ತರ ಸಂಘವನ್ನು ಸ್ಥಾಪಿಸಿದ ಮೇಲೆ ಬರೆಹಗಾರನಿಗೂ ತನ್ನ ಆಸ್ತಿಯ ಅರಿವು ಹೆಚ್ಚಿತು. 1896ರಲ್ಲಿ ಜೆ. ಬಿ. ಪಿಂಕರನು ಇದೇ ಉದ್ಯೋಗಕ್ಕೆ ಇಳಿದು, ಕಾನ್ರಾಡನಂಥ ಸಾಲಗಾರ ಕಾದಂಬರಿಕಾರನನ್ನು ವರ್ಷಗಟ್ಟಲೆ ಸಾಕಿದನು.

ಧಾರವಾಡ ಜಿಲ್ಲೆಯವರಿಗೆ ಇದು ತೀರ ಅಪರಿಚಿತವಾದ ವ್ಯವಹಾರವಲ್ಲ. ನವಲಗುಂದ, ಅಣ್ಣಿಗೇರಿಗಳ ರೈತನು ಹತ್ತಿಯನ್ನು ಹುಬ್ಬಳ್ಳಿಯ ಪೇಟೆಗೆ ತಂದರೆ ಕೊಳ್ಳುವವನನ್ನು ತಾನೇ ಹುಡುಕುತ್ತ ತಿರುಗುವುದಿಲ್ಲ. ದಲಾಲಿ ಅಂಗಡಿಯಲ್ಲಿ ಮಾಲನ್ನು ಇಳಿಸುತ್ತಾನೆ. ಆದರೆ ಹೋಲಿಕೆಯು ಇಲ್ಲಿಗೆ ಮುಗಿಯಿತು. ಹತ್ತಿಯ ಅಂಡಿಗೆಯು ಒಮ್ಮೆ ಮಾರಿತೆಂದರೆ ಮಾರಿದಂತೆಯೇ. ಕಾದಂಬರಿಯಾದರೋ ಇಂಗ್ಲೆಂಡಿಗೊಮ್ಮೆ, ಅಮೆರಿಕಕ್ಕೊಮ್ಮೆ, ಪತ್ರಿಕೆಯ ಧಾರಾವಾಹಿಗೊಮ್ಮೆ, ಒಂದೊಂದು ಭಾಷೆಯ ಅನುವಾದಕ್ಕೊಮ್ಮೆ, ಚಲಚ್ಚಿತ್ರಕ್ಕೊಮ್ಮೆ, ಹೀಗೆ ಎಷ್ಟೋ ಸಲ ಮಾರಾಟವಾಗಬಲ್ಲ ವಸ್ತು. ಈ ಹಕ್ಕುಗಳನ್ನು ಒಂದರಿಂದೊಂದನ್ನು ಬಿಡಿಸಿ, ಪ್ರತಿಯೊಂದಕ್ಕೂ ತಕ್ಕ ಗಿರಾಕಿಯನ್ನು ಹುಡುಕಿ, ಬಾಕಿ ಉಳಿದುದನ್ನು ನೆನಪಿಟ್ಟುಕೊಳ್ಳುವುದೇ ಏಜಂಟನ ಮುಖ್ಯವಾದ ವಿದ್ಯೆ. ಲಂಡನ್ನಿನಲ್ಲಿ ವಾಸಿಸುವ ಬರೆಹಗಾರನಿಗೇ ಇದು ತೊಡಕಿನ ಕೆಲಸ. ಹಡಗಿನ ಟಪಾಲಿಗಾಗಿ ವಾರಗಟ್ಟಲೆ ಕಾಯಬೇಕಾಗಿದ್ದ ಮೈಸೂರಿನವನಿಗೆ ಸ್ವಂತವಾಗಿ ಮಾಡಲು ಸಾಧ್ಯವೇ ಇರಲಿಲ್ಲ.

ನಾರಾಯಣರು 1930ರ ವಿಜಯದಶಮಿಯ ದಿನ ಬೆಂಗಳೂರಿನಲ್ಲಿ ‘ಸ್ವಾಮಿ’ಯ ಕಥೆಯನ್ನು ಬರೆಯತೊಡಗಿದರು. ಮುಗಿದ ಪ್ರತಿಯನ್ನು ಲಂಡನ್ನಿನ ಪ್ರಕಾಶಕರು ಒಬ್ಬರ ಮೇಲೊಬ್ಬರು ಹಿಂದಿರುಗಿಸಿದರು. ಆಗ ಅವರ ಮಿತ್ರರಾದ ಕಿಟ್ಟು ಪೂರ್ಣ ಎಂಬವರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದರು. ಪ್ರತಿಯು ಅವರ ಕೈ ಸೇರಿತು. ನಿರಾಶರಾದ ನಾರಾಯಣರು ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡುವಂತೆ ಮಿತ್ರನಿಗೆ ಬರೆದರು. ಪೂರ್ಣರು ಮಿತ್ರನ ಮಾತನ್ನು ಮೀರಿ, ಅಲ್ಲಿಯೇ ವಾಸವಾಗಿದ್ದ ಗ್ರೀನರಿಗೆ ಅದನ್ನು ತಲುಪಿಸಿದರು. ಗ್ರೀನರ ಮಾತಿನ ಮೇಲೆ ಹ್ಯಾಮಿಷ್ ಹ್ಯಾಮಿಲ್ಟನ್ ಸಂಸ್ಥೆಯವರು ಪುಸ್ತಕವನ್ನು ಪ್ರಕಟಿಸಿದರು. ನಾರಾಯಣಸ್ವಾಮಿ ಎಂಬ ಹೆಸರು ಆಂಗ್ಲ ವಾಚಕರ ನಾಲಿಗೆಗೆ ಉದ್ದವಾಗುವುದೆಂದು ಅದನ್ನು ಮೊಟಕುಗೊಳಿಸಿದುದೂ ಗ್ರೀನರ ಸಲಹೆಯೇ.

ಅದೇ 1935ರಲ್ಲಿ ಮುಲ್ಕ್ ರಾಜ್ ಆನಂದರ ‘ಅನ್‌ಟಚಬಲ್’ ಕೂಡ ಲಂಡನ್ನಿನಲ್ಲಿ ಅಚ್ಚಾಯಿತು. ಹತ್ತೊಂಬತ್ತು ಮಂದಿ ಪ್ರಕಾಶಕರು ಅದನ್ನು ನಿರಾಕರಿಸಿದ್ದರು, ಇ. ಎಂ. ಫಾರ್ಸ್ಟರರು ಮುನ್ನುಡಿ ಬರೆಯುವರೆಂದ ಮೇಲೆಯೇ ವಿಷರ್ಟ್ ಸಂಸ್ಥೆಯವರು ಒಪ್ಪಿದರು. ಅಪರಿಚಿತನಾದ ಹಿಂದೂಸ್ಥಾನದವನಿಗೆ ಆಂಗ್ಲ ಸಾಹಿತಿಯೊಬ್ಬನು ಜಾಮೀನು ನಿಲ್ಲಬೇಕಾಗಿದ್ದಿತು. ನಾರಾಯಣರ ಎರಡನೆಯ ಕಾದಂಬರಿಗೆ ಗ್ರೀನರ ಮುನ್ನುಡಿಯಿರುವುದೂ ಈ ಕಾರಣದಿಂದಲೇ ಎಂದು ನಮ್ಮ ಊಹೆ.

ಆದರೆ ಜಾಮೀನು ಒಂದು, ವ್ಯವಹಾರ ಇನ್ನೊಂದು. ನಾರಾಯಣರ ಮೊದಲ ನಾಲ್ಕು ಕಾದಂಬರಿಗಳ ಮುಖಪತ್ರಗಳನ್ನು ಸಾಲಾಗಿಟ್ಟು ನೋಡಬೇಕು. ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಹ್ಯಾಮಿಷ್ ಹ್ಯಾಮಿಲ್ಟನರಿಂದ; ‘ದಿ ಬ್ಯಾಚುಲರ್ ಆಫ್ ಆರ್ಟ್ಸ್’ 1937ರಲ್ಲಿ ನೆಲ್ಸನರಿಂದ; ‘ದಿ ಡಾರ್ಕ್ ರೂಂ’ 1938ರಲ್ಲಿ ಮ್ಯಾಕ್ಮಿಲನರಿಂದ; ‘ದಿ ಇಂಗ್ಲಿಷ್ ಟೀಚರ್’ 1945ರಲ್ಲಿ ಐರ್ ಅಂಡ್ ಸ್ಪಾಟಿಸ್‌ವುಡರಿಂದ. ನಾಲ್ಕು ಪುಸ್ತಕಗಳಿಗೆ ನಾಲ್ವರು ಪ್ರಕಾಶಕರು! ವಿಮರ್ಶಕರು ಹೊಗಳಿದರೂ ಮಾರಾಟವು ಸಾಲದೆ ಹೋದುದರಿಂದ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹೋಗಬೇಕಾಯಿತು. ಈ ಅಲೆದಾಟದ ಕಾಲದಲ್ಲಿ ಅವರ ಪರವಾಗಿ ಲಂಡನ್ನಿನಲ್ಲಿ ನಿಂತಿದ್ದವರು ಏಜಂಟರಾದ ಡೇವಿಡ್ ಹೈಯಮ್. ಇವರೊಡನೆ ಸಂಬಂಧವನ್ನು ಕಲ್ಪಿಸಿಕೊಟ್ಟುದು ಗ್ರೀನರ ಉಪಕಾರಗಳಲ್ಲೆಲ್ಲ ದೊಡ್ಡದೆಂದು ನಾವು ಭಾವಿಸುತ್ತೇವೆ. ನಮ್ಮ ಪಾಠಪುಸ್ತಕಗಳಲ್ಲಿ ಹೈಯಮರ ಹೆಸರು ಕಾಣುವುದೇ ಅಪರೂಪ. ಮೊದಲ ಪುಸ್ತಕವು ಮಾರಾಟವಾಗದ ಪರದೇಶದ ಕಾದಂಬರಿಕಾರನ ಎರಡನೆಯ ಹಸ್ತಪ್ರತಿಯನ್ನು ಎತ್ತಿಕೊಂಡು ಬಾಗಿಲಿಂದ ಬಾಗಿಲಿಗೆ ಹೋಗುವವನು ಯಾವನು? ಮಿತ್ರನು ಓದು ಮುಗಿಸಿ ಸ್ವದೇಶಕ್ಕೆ ಮರಳುತ್ತಾನೆ. ಸಾಹಿತಿಗೆ ತನ್ನ ಬರೆವಣಿಗೆಯುಂಟು. ನೂರಕ್ಕೆ ಹತ್ತರ ಆಸೆಯಿರುವವನೇ ಆ ಕೆಲಸಕ್ಕೆ ತಕ್ಕವನು.

ಹಾಗೆಂದು ಏಜಂಟನಿಂದ ಸಕಲವೂ ಸಾಧ್ಯವಾಯಿತೆನ್ನಲಾಗದು. ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ದಾರಿಯು ಮುಚ್ಚಿದಂತಾಗಲು, ನಾರಾಯಣರು ತಮ್ಮದೇ ಆದ ‘ಇಂಡಿಯನ್ ಥಾಟ್’ ಪ್ರಕಾಶನದ ಮೂಲಕ 1943ರಲ್ಲಿ ‘ಮಾಲ್ಗುಡಿ ಡೇಸ್’ ಕಥೆಗಳನ್ನು ಹೊರಡಿಸಿದರು. ಅಮೆರಿಕದಲ್ಲಿ ಅವರ ಪುಸ್ತಕಗಳು ಅಚ್ಚಾಗತೊಡಗಿದುದು 1953ರಲ್ಲಿ, ಮಿಷಿಗನ್ ಸ್ಟೇಟ್ ಕಾಲೇಜಿನ ಮುದ್ರಣಾಲಯದಿಂದ. ಮೊದಲ ಕಾದಂಬರಿಗೂ ಇದಕ್ಕೂ ನಡುವೆ ಹದಿನೆಂಟು ವರ್ಷ ಕಳೆದಿದ್ದುವು.

ಹಾಸನದಲ್ಲಿ 1908ರಲ್ಲಿ ಹುಟ್ಟಿದ ರಾಜಾರಾಯರ ದಾರಿಯು ಬೇರೆ. ಅವರು ಫ್ರಾನ್ಸಿನಲ್ಲಿದ್ದುಕೊಂಡೇ ಬರೆದರು. ‘ಕಾಂತಾಪುರ’ವನ್ನು 1938ರಲ್ಲಿ ಲಂಡನ್ನಿನ ಜಾರ್ಜ್ ಆಲನ್ ಅಂಡ್ ಅನ್ವಿನ್ ಸಂಸ್ಥೆಯವರು ಪ್ರಕಟಿಸಿದರು. ಆ ರಾಜಾರಾಯರ ಆರಂಭದ ಕನ್ನಡ ಬರೆಹಗಳು 1930ರ ದಶಕದ ಮೊದಲಲ್ಲಿ ಧಾರವಾಡದ ‘ಜಯಕರ್ನಾಟಕ’ದಲ್ಲಿ ಅಚ್ಚಾದುವೆಂಬುದನ್ನು ಮಾತ್ರ ಇಲ್ಲಿ ನೆನೆಯುವುದು ಉಚಿತ. ಕನ್ನಡದಲ್ಲಿಯೇ ಮುಂದುವರಿದಿದ್ದರೆ ಅವರ ಕಾದಂಬರಿಗೆ ಯಾವ ಏಜಂಟನಿರುತ್ತಿದ್ದನು?

ಈ ಪ್ರಶ್ನೆಗೆ ಉತ್ತರವನ್ನು ಕಾಯಿದೆಯಲ್ಲಿ ಹುಡುಕಬೇಕು. 1914ರ ಹಿಂದೂಸ್ಥಾನದ ಗ್ರಂಥಸ್ವಾಮ್ಯದ ಕಾಯಿದೆಯ 4ನೆಯ ಕಲಮಿನಂತೆ, ಬ್ರಿಟಿಷ್ ಇಂಡಿಯಾದಲ್ಲಿ ಮೊದಲು ಪ್ರಕಟವಾದ ಗ್ರಂಥದ ಅನುವಾದದ ಹಕ್ಕು ಕರ್ತೃವಿಗೆ ಹತ್ತು ವರ್ಷ ಮಾತ್ರ ಇರುತ್ತಿದ್ದಿತು. ಆ ಅವಧಿಯೊಳಗೆ ಅವನಾಗಲಿ ಅವನ ಅಪ್ಪಣೆ ಪಡೆದವನಾಗಲಿ ಯಾವ ಭಾಷೆಯಲ್ಲಿ ಅನುವಾದವನ್ನು ಪ್ರಕಟಿಸುವರೋ ಆ ಭಾಷೆಯ ಮಟ್ಟಿಗೆ ಹಕ್ಕು ಉಳಿಯುವುದು. ಮಿಕ್ಕ ಭಾಷೆಗಳಲ್ಲಿ ಯಾರು ಬೇಕಾದರೂ ಅನುವಾದಿಸಬಹುದು. ಲಂಡನ್ನಿನಲ್ಲಿ ಮೊದಲು ಪ್ರಕಟವಾದ ಪುಸ್ತಕಕ್ಕೆ ಈ ಕಟ್ಟು ಇರಲಿಲ್ಲ. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡದಲ್ಲಿ 1935ರಲ್ಲಿ ಅಚ್ಚಾದ ಕನ್ನಡ ಕಾದಂಬರಿಯೊಂದನ್ನೂ ಅದೇ ವರ್ಷದ ‘ಸ್ವಾಮಿ’ಯನ್ನೂ ಹೋಲಿಸಿರಿ. 1945 ಕಳೆಯುವಷ್ಟರಲ್ಲಿ ಕನ್ನಡದವನ ಅನುವಾದದ ಹಕ್ಕು ಊರಿಗೆ ಬಿಟ್ಟ ಗೋಮಾಳವಾಯಿತು. ನಾರಾಯಣರದು ಹಾಗೆಯೇ ಉಳಿಯಿತು. ಮಾರಲು ಹಕ್ಕೇ ಇಲ್ಲದವನಿಗೆ ಏಜಂಟನು ಏತಕ್ಕೆ? 1958ರ ಜನವರಿಯಲ್ಲಿ ಜಾರಿಗೆ ಬಂದ 1957ರ ಕಾಯಿದೆಯು ಈ ಭೇದವನ್ನು ತೊಡೆದುಹಾಕಿತು. ಕನ್ನಡ ಕಾದಂಬರಿಯು ಹೊರಗೆ ಹೋಗದೆ ಇದ್ದುದಕ್ಕೆ ಅದರ ಗುಣದ ಕೊರತೆಯೇ ಕಾರಣವೆನ್ನುವವರು ಈ ಕಲಮನ್ನೊಮ್ಮೆ ಓದಬೇಕು.

ಕಾಯಿದೆಯ ಮಾತು ಹಾಗಿರಲಿ. ಸ್ವದೇಶದೊಳಗಾದರೂ ನಮ್ಮವರು ಮಧ್ಯಸ್ಥನಿಲ್ಲದೆಯೇ ನಡೆಸಿದರು. ಹಿಂದಿನ ಧಾರವಾಡ ಜಿಲ್ಲೆಯವರೇ ಆದ ಗಳಗನಾಥರು (1869–1942) ಹರಿ ನಾರಾಯಣ ಆಪಟೆಯವರ ಮರಾಠೀ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವತಂತ್ರವಾಗಿಯೂ ಬರೆದರು. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಕರ್ತೃವೂ ತಾವೇ, ದಲಾಲರೂ ತಾವೇ, ಹಮಾಲರೂ ತಾವೇ. ಜಿ. ಬಿ. ಜೋಶಿಯವರು 1933ರಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯು ಆ ಹೊರೆಯನ್ನು ಕರ್ತೃವಿನ ತಲೆಯಿಂದ ಇಳಿಸಿತು. ವರ್ಷದ ವರ್ಗಣಿ ಕೊಟ್ಟ ಚಂದಾದಾರರಿಗೆ ಪುಸ್ತಕಗಳನ್ನು ಕಳುಹಿಸುವ ಈ ಪದ್ಧತಿಯಲ್ಲಿ ಗಿರಾಕಿಯು ಮೊದಲೇ ಗೊತ್ತಾಗಿರುವನು; ಹಸ್ತಪ್ರತಿಯು ಸಂಪಾದಕರ ಮೆಚ್ಚುಗೆಗೆ ಬಂದರೆ ಸಾಕು.

ಇದರ ಒಂದು ವಿಚಿತ್ರವಾದ ಫಲವೆಂದರೆ ‘ಸಂಸ್ಕಾರ’ದ ಚರಿತ್ರೆ. ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಇದನ್ನು ಕನ್ನಡದಲ್ಲಿ ಬರೆದರು. ನಾರಾಯಣರ ಪ್ರತಿಯು ಮೈಸೂರಿನಿಂದ ಇಂಗ್ಲೆಂಡಿಗೆ ಹೋದರೆ, ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಕೃತಿಯು ಧಾರವಾಡಕ್ಕೆ ಬಂದು 1965ರಲ್ಲಿ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಮರಳಿ ಹೊರಗೆ ಹೋಗಲು ಅದು ಷಿಕಾಗೋದಲ್ಲಿದ್ದ ಎ. ಕೆ. ರಾಮಾನುಜನರನ್ನು ಕಾಯಬೇಕಾಯಿತು. ಅವರ ಅನುವಾದವನ್ನು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನವರು 1976ರಲ್ಲಿ ಹೊರತಂದರು. ನ್ಯೂಯಾರ್ಕಿನ ಎನ್‌ವೈಆರ್‌ಬಿ ಕ್ಲಾಸಿಕ್ಸ್ ಮಾಲೆಯಲ್ಲಿ ಅದು ಸೇರಿದುದು 2017ರಲ್ಲಿ. ಪೂರ್ಣರು ಹೊತ್ತುಕೊಂಡು ಹೋದುದನ್ನೂ ಗ್ರೀನರು ಜಾಮೀನು ನಿಂತುದನ್ನೂ ಇಲ್ಲಿ ಅನುವಾದಕರೊಬ್ಬರೇ ಮಾಡಿದರೆಂದು ಹೇಳಬಹುದು. ಆದರೆ ಕವಿಯೂ ಭಾಷಾವಿಜ್ಞಾನಿಯೂ ಆದ ರಾಮಾನುಜನರು ಹಕ್ಕುಗಳ ವ್ಯಾಪಾರಿಗಳಾಗಿರಲಿಲ್ಲ. ಹೈಯಮರ ಸ್ಥಾನವು ಬರಿದಾಗಿಯೇ ಇದ್ದಿತು.

ಇತ್ತೀಚೆಗೆ ಈ ಸ್ಥಿತಿಯು ಸ್ವಲ್ಪ ಬದಲಾಗಿದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶ್ರೀನಾಥ್ ಪೆರೂರರ ಅನುವಾದದಲ್ಲಿ ಮೊದಲು ಭಾರತದಲ್ಲಿ ಅಚ್ಚಾಗಿ, 2017ರಲ್ಲಿ ಅಮೆರಿಕದಲ್ಲಿ ಪೆಂಗ್ವಿನ್ನರಿಂದಲೂ ಇಂಗ್ಲೆಂಡಿನಲ್ಲಿ ಫೇಬರರಿಂದಲೂ ಬೇರೆ ಬೇರೆಯಾಗಿ ಪ್ರಕಟವಾಯಿತು. ಹಕ್ಕುಗಳನ್ನು ದೇಶವಾರು ಬಿಡಿಸಿ ಕೊಡುವ ಹಳೆಯ ವಿದ್ಯೆಯು ಕನ್ನಡದ ಕೃತಿಗೂ ಒದಗಿದುದಕ್ಕೆ ಇದೊಂದು ಸಾಕ್ಷ್ಯ. ಹಾಸನದ ಬಾನು ಮುಷ್ತಾಕರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಿಂದ ಇಂಗ್ಲೆಂಡಿನ ಅಂಡ್ ಅದರ್ ಸ್ಟೋರೀಸ್ ಎಂಬ ಚಿಕ್ಕ ಪ್ರಕಾಶನದಿಂದ ಹೊರಬಂದು, 2025ರ ಅಂತರರಾಷ್ಟ್ರೀಯ ಬೂಕರ್ ಬಹುಮಾನವನ್ನು ಪಡೆದುವು. 50,000 ಪೌಂಡುಗಳ ಆ ಬಹುಮಾನವನ್ನು ಕರ್ತೃವಿಗೂ ಅನುವಾದಕರಿಗೂ ಸಮನಾಗಿ ಹಂಚುವ ನಿಯಮವು ಅನುವಾದಕರ ಸ್ಥಾನವನ್ನು ಲೆಕ್ಕದಲ್ಲಿಯೂ ಒಪ್ಪಿಕೊಂಡಂತಾಗಿದೆ.

ಹೀಗಿದ್ದರೂ ಕಲಘಟಗಿ ತಾಲೂಕಿನ ತಂಬೂರಿನಂಥ ಗ್ರಾಮದಲ್ಲಿ ಕುಳಿತು ಕನ್ನಡದಲ್ಲಿ ಕಾದಂಬರಿ ಬರೆಯುವವನಿಗೆ ಲಂಡನ್ನಿನ ಏಜಂಟನು ನೇರವಾಗಿ ಸಿಕ್ಕುವುದಿಲ್ಲ. ಆ ಏಜಂಟನಿಗೆ ಕನ್ನಡವು ಓದಲು ಬಾರದಷ್ಟೆ. ಧಾರವಾಡದಲ್ಲಿಯೋ ಬೆಂಗಳೂರಿನಲ್ಲಿಯೋ ಅಚ್ಚು, ಅನುವಾದಕನೊಬ್ಬನ ಮೆಚ್ಚುಗೆ, ಭಾರತದ ಆಂಗ್ಲ ಪ್ರಕಾಶಕ, ಅನಂತರ ಹೊರದೇಶ, ಇದೇ ಅವನಿಗಿರುವ ದಾರಿ. ಮೊದಲನೆಯ ಮೆಟ್ಟಿಲಲ್ಲಿಯೇ ಅನುವಾದದ ಹಕ್ಕನ್ನೂ ಸೇರಿಸಿ ಸರ್ವಸ್ವವನ್ನೂ ಒಂದೇ ಕಾಗದದ ಮೇಲೆ ಬರೆದುಕೊಟ್ಟನೋ, ಮುಂದಿನ ಮೆಟ್ಟಿಲುಗಳನ್ನು ಅವನ ಪುಸ್ತಕವು ಏರಿದರೂ ಅವನು ಏರಲಾರನು. 1914ರ ಕಾಯಿದೆಯು ಕಸಿದುಕೊಳ್ಳುತ್ತಿದ್ದುದನ್ನು ಈಗ ಸ್ವಹಸ್ತಾಕ್ಷರದಿಂದ ಬಿಟ್ಟುಕೊಟ್ಟಂತಾಗುವುದು.

ನಾರಾಯಣರ ವಿಷಯದಲ್ಲಿ ಇಷ್ಟನ್ನು ಹೇಳಲು ಸಾಧ್ಯವಾದುದು ಅವರು ‘ಮೈ ಡೇಸ್’ ಎಂಬ ಆತ್ಮಕಥೆಯಲ್ಲಿ (1974) ಈ ವ್ಯವಹಾರವನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟುದರಿಂದ. ಕನ್ನಡ ಕಾದಂಬರಿಕಾರರ ಕರಾರುಪತ್ರಗಳು, ವರ್ಗಣಿಯ ಪುಸ್ತಕಗಳು, ಅನುವಾದಕ್ಕೆ ಅಪ್ಪಣೆ ಕೇಳಿ ಬಂದ ಕಾಗದಗಳು ನಮ್ಮ ಸಂಶೋಧಕರ ಕಣ್ಣಿಗೆ ಇನ್ನೂ ಸಾಲದಷ್ಟು ಬಿದ್ದಿವೆ. ವಾಚಕ ಮಹಾಶಯರಲ್ಲಿ ಯಾರ ಮನೆಯಲ್ಲಾದರೂ ಇಂಥ ಪತ್ರಗಳಿದ್ದಲ್ಲಿ, ಅವುಗಳ ಪ್ರತಿಯನ್ನಾದರೂ ಈ ಪತ್ರಿಕೆಗೆ ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಕಾಲಾನುಕ್ರಮದಿಂದ ಅಚ್ಚು ಮಾಡಿಸಬಹುದು. 1914ರಿಂದ 1957ರ ವರೆಗಿನವು ಮೊದಲು ಬೇಕಾಗಿವೆ.