ಗಡಿಯಾಚೆಯ ಒತ್ತಾಸೆ: ಪರದೇಶದ ಪ್ರಜಾಪ್ರಭುತ್ವ ಹೋರಾಟಗಳೂ ಜನಸಾಮಾನ್ಯರೂ

ಒಂದು ದೇಶದ ಜನ ಮತದಾನದ ಹಕ್ಕಿಗಾಗಿ, ಮಾತಿನ ಸ್ವಾತಂತ್ರ್ಯಕ್ಕಾಗಿ ಶಾಂತಿಯಿಂದ ಬೀದಿಗಿಳಿದಾಗ ಇನ್ನೊಂದು ದೇಶದ ಜನಸಾಮಾನ್ಯರು ಅವರ ಬೆನ್ನಿಗೆ ನಿಲ್ಲುವುದು ಹೊಸದಲ್ಲ. ಜಾರ್ ದೊರೆಗಳ ದಬ್ಬಾಳಿಕೆಯನ್ನು ಎದುರಿಸುತ್ತಿದ್ದ ರಷ್ಯನ್ನರಿಗಾಗಿ 1890ರಲ್ಲೇ ಇಂಗ್ಲೆಂಡಿನಲ್ಲಿ ಸಂಘವೊಂದು ಹುಟ್ಟಿ 'ಫ್ರೀ ರಷ್ಯಾ' ಎಂಬ ಪತ್ರಿಕೆ ಹೊರಡಿಸಿತು. 1930ರ ದಶಕದಲ್ಲಿ ವಿ.ಕೆ. ಕೃಷ್ಣ ಮೆನನ್ ಅವರ ಇಂಡಿಯಾ ಲೀಗ್ ಭಾರತದ ಸ್ವಾತಂತ್ರ್ಯಕ್ಕಾಗಿ ಬ್ರಿಟಿಷ್ ಪ್ರಜೆಗಳನ್ನೇ ಸಂಘಟಿಸಿತು. ಆದರೆ ಆ ಕಾಲದ ಬೆಂಬಲ ಬಹುಮಟ್ಟಿಗೆ ಓದುಬಲ್ಲವರ ಭಾಷಣ, ಕರಪತ್ರ, ಮನವಿಗಳದ್ದಾಗಿತ್ತು.

ಅದು ಅಡುಗೆಮನೆಯವರೆಗೆ ಇಳಿದದ್ದು ದಕ್ಷಿಣ ಆಫ್ರಿಕಾದ ವಿಷಯದಲ್ಲಿ. ವರ್ಣಭೇದ ನೀತಿಯ ಸರ್ಕಾರವಿದ್ದ ತಮ್ಮ ದೇಶದ ಸರಕನ್ನು ಕೊಳ್ಳಬೇಡಿ ಎಂದು ಹೊರಜಗತ್ತನ್ನು ಕೇಳಿಕೊಂಡವರು ಆಲ್ಬರ್ಟ್ ಲುಥುಲಿಯಂಥ ಅಲ್ಲಿನ ನಾಯಕರೇ. ಆ ಕರೆಗೆ ಓಗೊಟ್ಟು 1959ರ ಜೂನ್ 26ರಂದು ಲಂಡನ್ನಿನಲ್ಲಿ ಬಹಿಷ್ಕಾರ ಚಳವಳಿ ಶುರುವಾಯಿತು. ಮರುವರ್ಷ ಶಾರ್ಪ್‌ವಿಲ್ಲಿನಲ್ಲಿ ಪೊಲೀಸರ ಗುಂಡಿಗೆ 69 ಜನ ಬಲಿಯಾದ ಮೇಲೆ ಅದು ವರ್ಣಭೇದ ವಿರೋಧಿ ಚಳವಳಿಯಾಗಿ ಬೆಳೆಯಿತು.

ಈ ಚಳವಳಿಯ ನಿಜವಾದ ಶಕ್ತಿ ಕಾಣುವುದು ಡಬ್ಲಿನ್ ನಗರದ ಒಂದು ಅಂಗಡಿಯಲ್ಲಿ. 1984ರ ಜುಲೈನಲ್ಲಿ ಹೆನ್ರಿ ಸ್ಟ್ರೀಟಿನ ಡನ್ಸ್ ಸ್ಟೋರ್ಸ್ ಮಳಿಗೆಯ ಕ್ಯಾಷ್ ಕೌಂಟರಿನಲ್ಲಿದ್ದ ತರುಣಿಯೊಬ್ಬಳು, ಕಾರ್ಮಿಕ ಸಂಘದ ನಿರ್ಣಯದಂತೆ, ದಕ್ಷಿಣ ಆಫ್ರಿಕಾದ ಎರಡು ಚಕೋತದಂಥ ಹಣ್ಣುಗಳಿಗೆ ಬಿಲ್ ಹಾಕಲು ಒಪ್ಪಲಿಲ್ಲ. ಆಕೆಯನ್ನು ಅಮಾನತು ಮಾಡಿದೊಡನೆ ಜೊತೆಯ ಕೆಲಸಗಾರರೂ ಹೊರಬಂದರು. ಅವರಲ್ಲಿ ಹೆಚ್ಚಿನವರಿಗೆ ಆಗ ವರ್ಣಭೇದ ಎಂದರೇನೆಂದು ಸರಿಯಾಗಿ ತಿಳಿದಿರಲಿಲ್ಲ. ಅದನ್ನು ಬಿಡಿಸಿ ಹೇಳಿದವರು ದಕ್ಷಿಣ ಆಫ್ರಿಕಾ ಬಿಟ್ಟು ಬಂದಿದ್ದ ಕಾರ್ಮಿಕ ನಾಯಕ ನಿಮ್ರೋಡ್ ಸೆಜಾಕೆ. ಅವರು ತಾವೂ ಬಂದು ಮುಷ್ಕರದ ಸಾಲಿನಲ್ಲಿ ನಿಂತರು. ವಾರಕ್ಕೆ 21 ಪೌಂಡ್ ಮುಷ್ಕರ ಭತ್ಯೆಯಲ್ಲಿ ಈ ಕೆಲಸಗಾರರು ಎರಡೂವರೆ ವರ್ಷಕ್ಕೂ ಮೀರಿ ಬದುಕು ಸಾಗಿಸಿದರು. ಕೊನೆಗೆ 1987ರಲ್ಲಿ ಐರ್ಲೆಂಡ್ ಸರ್ಕಾರ ದಕ್ಷಿಣ ಆಫ್ರಿಕಾದ ಹಣ್ಣು, ತರಕಾರಿಗಳ ಆಮದನ್ನೇ ನಿಷೇಧಿಸಿತು. ಸರ್ಕಾರಗಳು ಮೀನಮೇಷ ಎಣಿಸುತ್ತಿದ್ದಾಗ ಅಂಗಡಿಯ ಕೆಲಸಗಾರರು ದಾರಿ ತೋರಿಸಿದ್ದರು.

ಪತ್ರ ಬರೆದು ಬೆಂಬಲಿಸುವ ಇನ್ನೊಂದು ದಾರಿಯನ್ನು ತೆರೆದವರು ವಕೀಲ ಪೀಟರ್ ಬೆನೆನ್ಸನ್. 1961ರ ಮೇ 28ರ 'ಅಬ್ಸರ್ವರ್' ಪತ್ರಿಕೆಯಲ್ಲಿ ಬಂದ ಅವರ ಲೇಖನದಿಂದ ಆಮ್ನೆಸ್ಟಿ ಎಂಬ ಸಂಘಟನೆ ಹುಟ್ಟಿತು. ಅದರ ಸ್ಥಳೀಯ ಗುಂಪುಗಳು ಪಶ್ಚಿಮ ದೇಶಗಳು, ಕಮ್ಯುನಿಸ್ಟ್ ದೇಶಗಳು, ಮೂರನೇ ಜಗತ್ತು — ಹೀಗೆ ಮೂರು ಕಡೆಯ, ಅಭಿಪ್ರಾಯಕ್ಕಾಗಿ ಸೆರೆಯಾದ ಒಬ್ಬೊಬ್ಬ ಕೈದಿಯ ಪರವಾಗಿ ಪತ್ರ ಬರೆಯುತ್ತಿದ್ದವು. ಬೆಂಬಲ ಯಾವ ಬಣದ್ದೂ ಅಲ್ಲವೆಂದು ತೋರಿಸಿದ ಜಾಣ ಕ್ರಮವದು.

ಪೋಲೆಂಡಿನಲ್ಲಿ 1981ರ ಡಿಸೆಂಬರ್ 13ರಂದು ಸೇನಾಡಳಿತ ಹೇರಿ ಸಾಲಿಡಾರಿಟಿ ಎಂಬ ಸ್ವತಂತ್ರ ಕಾರ್ಮಿಕ ಸಂಘಟನೆಯನ್ನು ಹತ್ತಿಕ್ಕಿದಾಗ ಪಶ್ಚಿಮ ಜರ್ಮನಿಯ ಮನೆಮನೆಗಳಿಂದ ಆಹಾರ, ಬಟ್ಟೆಗಳ ಲಕ್ಷಾಂತರ ಪಾರ್ಸೆಲ್‌ಗಳು ಹೋದವು. ಸ್ವೀಡನ್ ಕಡೆಯಿಂದ ಮುದ್ರಣ ಯಂತ್ರ, ಶಾಯಿಗಳನ್ನು ಲಾರಿಗಳಲ್ಲಿ ಅಡಗಿಸಿ ಸಾಗಿಸಲಾಯಿತು. ಭೂಗತ ಪತ್ರಿಕೆಗಳಿಗೆ ಶಾಯಿಯೇ ಅನ್ನದಷ್ಟು ಅಗತ್ಯವಾಗಿತ್ತು.

ಹಾಂಗ್‌ಕಾಂಗ್‌ನ ಕಥೆ ಇವೆಲ್ಲಕ್ಕಿಂತ ಆಳವಾದದ್ದು, ನೋವಿನದ್ದು. 1989ರಲ್ಲಿ ಅದಿನ್ನೂ ಬ್ರಿಟಿಷ್ ವಸಾಹತು. ಜನಸಂಖ್ಯೆ 60 ಲಕ್ಷಕ್ಕೂ ಕಡಿಮೆ. ಪ್ರಜಾಪ್ರಭುತ್ವಕ್ಕಾಗಿ ಬೀದಿಗಿಳಿದಿದ್ದ ಬೀಜಿಂಗಿನ ವಿದ್ಯಾರ್ಥಿಗಳ ಪರವಾಗಿ ಮೇ 21ರಂದು ಅಲ್ಲಿ ಸುಮಾರು ಹತ್ತು ಲಕ್ಷ ಜನ ಮೆರವಣಿಗೆ ಹೊರಟರು. ಮೇ 27ರಂದು ಹ್ಯಾಪಿ ವ್ಯಾಲಿ ಕುದುರೆ ಪಂದ್ಯದ ಮೈದಾನದಲ್ಲಿ ಗಾಯಕರು ಗಂಟೆಗಟ್ಟಲೆ ಹಾಡಿ ಚಂದಾ ಎತ್ತಿದರು. ಟಿಯಾನನ್ಮೆನ್ ಚೌಕದಲ್ಲಿ ಎದ್ದ ಬಣ್ಣಬಣ್ಣದ ಗುಡಾರಗಳು ಹಾಂಗ್‌ಕಾಂಗ್‌ನವರು ಕಳಿಸಿದವು. ಬೀಜಿಂಗಿನಲ್ಲಿ ಸೇನೆ ನಡೆಸಿದ ಜೂನ್ 4ರ ಹತ್ಯಾಕಾಂಡದ ನಂತರ ಇದೇ ಜನ ತಲೆಮರೆಸಿಕೊಂಡಿದ್ದ ನೂರಾರು ಹೋರಾಟಗಾರರನ್ನು ಗುಟ್ಟಾಗಿ ಚೀನಾದಿಂದ ಪಾರುಮಾಡಿದರು. 1990ರಿಂದ 2019ರವರೆಗೆ ಪ್ರತಿ ಜೂನ್ 4ರ ಸಂಜೆ ವಿಕ್ಟೋರಿಯಾ ಪಾರ್ಕಿನಲ್ಲಿ ಮೇಣದಬತ್ತಿ ಹಚ್ಚಿ ಸತ್ತವರನ್ನು ನೆನೆದರು. 2020ರಲ್ಲಿ ಅದಕ್ಕೆ ನಿಷೇಧ ಬಿತ್ತು. ಸ್ಮರಣೆ ನಡೆಸುತ್ತಿದ್ದ ಸಂಘಟನೆಯೂ 2021ರಲ್ಲಿ ಬಾಗಿಲು ಮುಚ್ಚಿತು.

ಈಚಿನ ಬೆಂಬಲ ಅಂತರ್ಜಾಲದ್ದು. 2022ರಲ್ಲಿ ಇರಾನ್ ಸರ್ಕಾರ ಮಹಿಳೆಯರ ಪ್ರತಿಭಟನೆಯ ಸುದ್ದಿ ಹೊರಹೋಗದಂತೆ ಜಾಲತಾಣಗಳನ್ನು ತಡೆಹಿಡಿದಾಗ, ಹೊರದೇಶಗಳ ಸ್ವಯಂಸೇವಕರು 'ಸ್ನೋಫ್ಲೇಕ್' ಎಂಬ ತಂತ್ರಾಂಶದ ಮೂಲಕ ತಮ್ಮ ಕಂಪ್ಯೂಟರುಗಳ ಸಂಪರ್ಕವನ್ನೇ ಇರಾನಿಯರಿಗೆ ಹಂಚಿಕೊಟ್ಟರು. ಹಳೆಯ ಪದ್ಧತಿಯೂ ಸತ್ತಿಲ್ಲ: 2020ರ ಆಗಸ್ಟ್ 23ರಂದು ಪ್ರತಿಭಟಿಸುತ್ತಿದ್ದ ಬೆಲಾರೂಸ್ ಜನರಿಗಾಗಿ ಲಿಥುವೇನಿಯಾದ ಸುಮಾರು 50,000 ಮಂದಿ ರಾಜಧಾನಿ ವಿಲ್ನಿಯಸ್‌ನಿಂದ ಗಡಿಯವರೆಗೆ ಕೈಕೈ ಹಿಡಿದು ನಿಂತರು.

ಇಂಥ ಬೆಂಬಲಕ್ಕೆ ಅಪಾಯವೂ ಅಂಟಿಕೊಂಡಿದೆ. ಪರದೇಶದ ನೆರವು ಕಂಡೊಡನೆ ಆಳುವವರು ಹೋರಾಟಗಾರರಿಗೆ 'ವಿದೇಶಿ ಏಜೆಂಟರು' ಎಂಬ ಹಣೆಪಟ್ಟಿ ಹಚ್ಚುತ್ತಾರೆ. ಒಳಗಿನವರು ಕೇಳಿದ್ದನ್ನು ಕೊಟ್ಟು, ಮುಂದಾಳತ್ವವನ್ನು ಅವರಿಗೇ ಬಿಟ್ಟ ಬೆಂಬಲವೇ ಹೆಚ್ಚು ಬಾಳಿದೆ.

ಭಾರತದಲ್ಲಿ ಜನಸಾಮಾನ್ಯರ ಇಂಥ ಬೆಂಬಲಕ್ಕೆ ಕಣ್ಣೆದುರಿನ ಉದಾಹರಣೆ ಮಿಜೋರಾಂ. 2021ರ ಫೆಬ್ರುವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಗಡಿ ದಾಟಿ ಬಂದ ಚಿನ್ ಜನರಿಗೆ ಮಿಜೋ ಕುಟುಂಬಗಳೂ ಚರ್ಚ್‌ಗಳೂ ಯಂಗ್ ಮಿಜೋ ಅಸೋಸಿಯೇಷನ್ನೂ ಅಕ್ಕಿ, ಬಟ್ಟೆ, ಸೂರು ಕೊಟ್ಟವು. ವಲಸಿಗರನ್ನು ತಡೆಯಿರಿ ಎಂಬ ಸೂಚನೆ ಕೇಂದ್ರದಿಂದ ಬಂದಾಗ ಆಗಿನ ಮುಖ್ಯಮಂತ್ರಿ ಜೋರಮ್‌ಥಂಗಾ ಪ್ರಧಾನಿಗೆ ಪತ್ರ ಬರೆದು ಬಂದವರಿಗೆ ಆಶ್ರಯ ಕೋರಿದರು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲದಿರುವುದರಿಂದ, ಬಂದವರಿಗೆ ಮುಖ್ಯ ಆಸರೆಯಾದದ್ದು ಆ ಪುಟ್ಟ ರಾಜ್ಯದ ಜನರ ಒಲವೇ.