ನವಗ್ರಹದಲ್ಲಿ ಇಲ್ಲದ ಭೂಮಿ

ಸುವರ್ಣ ಮಹೋತ್ಸವದ ಈ ಸಂಪುಟಕ್ಕೆ ಹಳೆಯ ವಿದ್ಯಾರ್ಥಿಯಾಗಿ ಏನಾದರೂ ಬರೆಯಬೇಕೆಂದು ಸಮಿತಿಯವರು ಕೇಳಿದರು. ಕಟ್ಟಡ ಎದ್ದ ಬಗೆ, ಜಾಗ ಕೊಟ್ಟ ದಾನಿಗಳ ಸಂಗತಿಗಳನ್ನು ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಪ್ರಾಥಮಿಕ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದ ನಾನು ಒಂದೇ ಒಂದು ಪಾಠದ ಇತಿಹಾಸ ಬರೆಯುತ್ತೇನೆ. ಸೌರವ್ಯೂಹದಲ್ಲಿ ನಮ್ಮ ಭೂಮಿ ಎಲ್ಲಿದೆ ಎಂಬ ಪಾಠ.

ನಮ್ಮ ಸೀಮೆಯ ಮಕ್ಕಳು ಗ್ರಹಗಳನ್ನು ಶಾಲೆಯಲ್ಲಿ ಮೊದಲು ನೋಡುವುದಿಲ್ಲ, ಗುಡಿಯಲ್ಲಿ ನೋಡುತ್ತಾರೆ. ಆ ಒಂಬತ್ತರಲ್ಲಿ ಸೂರ್ಯನಿದ್ದಾನೆ, ಚಂದ್ರನಿದ್ದಾನೆ, ರಾಹು ಕೇತುಗಳಿದ್ದಾರೆ. ಭೂಮಿ ಮಾತ್ರ ಇಲ್ಲ. ವಾರದ ಏಳು ದಿನಗಳಲ್ಲೂ ಭೂಮಿಯ ಹೆಸರಿನದು ಒಂದಿಲ್ಲ. ಇದನ್ನು ಹಿರಿಯರ ಅಜ್ಞಾನವೆಂದು ಹೇಳಿಕೊಡುವುದು ನನಗೆ ಸರಿಬರಲಿಲ್ಲ. ಆಕಾಶದಲ್ಲಿ ಅಲೆಯುವುದನ್ನು ಎಣಿಸಿದವರು ಕಾಲ ಕೆಳಗಿನ ನೆಲವನ್ನು ಆ ಲೆಕ್ಕಕ್ಕೆ ಸೇರಿಸಲಿಲ್ಲ, ಅಷ್ಟೆ. ಭೂಮಿಯೇ ತಿರುಗುತ್ತದೆ ಎಂದು ಆರ್ಯಭಟ ಕ್ರಿ.ಶ. 499ರಷ್ಟು ಹಿಂದೆಯೇ ಹೇಳಿದ್ದ. ದೋಣಿಯಲ್ಲಿ ಹೋಗುವವನಿಗೆ ದಂಡೆಯೇ ಹಿಂದೆ ಸರಿದಂತೆ ಕಾಣುತ್ತದೆ ಎಂಬುದು ಅವನ ಹೋಲಿಕೆ. ನಮ್ಮ ಮಕ್ಕಳಿಗೆ ದೋಣಿ ಎಲ್ಲಿಯದು? ಹುಬ್ಬಳ್ಳಿ ಬಸ್ಸಿನ ಕಿಟಕಿಯೇ ಸಾಕು.

ಈ ಪಾಠವನ್ನು ಆಕಾಶವೇ ನಮ್ಮ ಊರುಗಳಿಗೆ ಬಂದು ಹೇಳಿದ್ದು 1980ರ ಫೆಬ್ರುವರಿ 16, ಶನಿವಾರ. ಆಗ ನಮ್ಮದು ಧಾರವಾಡ ಜಿಲ್ಲೆ. ಖಗ್ರಾಸ ಸೂರ್ಯಗ್ರಹಣದ ನೆರಳು ಕಾರವಾರದ ಕರಾವಳಿಯಿಂದ ಹತ್ತಿ ಹುಬ್ಬಳ್ಳಿ, ಗದಗ, ರಾಯಚೂರಿನ ಕಡೆ ಓಡಿತು. ಶಿಗ್ಗಾವಿ, ಸವಣೂರುಗಳೂ ಅದರ ಹಾದಿಯಲ್ಲಿದ್ದವು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಿಯಲ್ಲಿ ಉಪಕರಣ ಹೂಡಿ ಕುಳಿತಿದ್ದರೆ, ನಮ್ಮ ಓಣಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಬರಿಗಣ್ಣಿನಿಂದ ನೋಡಬಾರದು ಎಂಬ ಎಚ್ಚರಿಕೆ ನಿಜವೇ ಆಗಿತ್ತು. ಆದರೆ ಅದರ ಜೊತೆಗೆ ಹೊರಗೇ ಬರಬಾರದು, ನೀರು ಕುಡಿಯಬಾರದು ಎಂಬುದೂ ಸೇರಿಕೊಂಡಿತು. ಅವ್ವ ನೀರಿನ ಕೊಡದಲ್ಲಿ ಗರಿಕೆ ಹಾಕಿದ್ದಳು. ಬಸುರಿಯಾಗಿದ್ದ ಅತ್ತಿಗೆಯನ್ನು ಒಳಕೋಣೆಯಲ್ಲಿ ಕೂರಿಸಿದ್ದರು.

ಮಧ್ಯಾಹ್ನ ಮೂರರ ಮೇಲೆ ನಾನು ಕಂಡದ್ದು ಇಷ್ಟು. ಹಂಚಿನ ಸಂದಿಯಿಂದ ಸಾರಿಸಿದ ನೆಲದ ಮೇಲೆ ದಿನಾ ಬೀಳುತ್ತಿದ್ದ ದುಂಡನೆಯ ಬಿಸಿಲ ಚುಕ್ಕೆಗಳು ಒಂದೊಂದೂ ಕುಡುಗೋಲಿನಂತಾದವು. ಆಮೇಲೆ ಎಲ್ಲವೂ ಆರಿದವು. ಕೋಳಿಗಳು ಬುಟ್ಟಿಯ ಹತ್ತಿರ ಹೋದವು. ಎರಡು ನಿಮಿಷ ಮೀರಿ ಮತ್ತೆ ಬೆಳಕಾಯಿತು. ಆ ಚುಕ್ಕೆಗಳು ಸೂರ್ಯನ ಬಿಂಬಗಳೇ, ಸಣ್ಣ ಕಿಂಡಿ ಇದ್ದಲ್ಲಿ ಸೂರ್ಯ ತನ್ನ ಚಿತ್ರ ತಾನೇ ಬರೆಯುತ್ತಾನೆ ಎಂದು ಸೋಮವಾರ ನಮ್ಮ ವಿಜ್ಞಾನದ ಗುರುಗಳು ಈ ಶಾಲೆಯ ಹಲಗೆಯ ಮೇಲೆ ಬಿಡಿಸಿ ತೋರಿಸಿದರು. ಹಾಗಾದರೆ ಬಾಗಿಲು ಹಾಕಿದ ಮನೆಯೊಳಗೂ ಗ್ರಹಣ ಬಂದಿತ್ತು! ಮುಂದೆ ಮಾಸ್ತರನಾದಾಗ ರಟ್ಟಿಗೊಂದು ತೂತು ಮಾಡಿ ಗೋಡೆಯ ಮೇಲೆ ಸೂರ್ಯನನ್ನು ತೋರಿಸುವುದರಿಂದಲೇ ನಾನು ಪಾಠ ಶುರು ಮಾಡುತ್ತಿದ್ದೆ.

ಪುಸ್ತಕದ ಚಿತ್ರಗಳ ಮೇಲೆ ನನ್ನ ತಕರಾರು ಒಂದೇ. ಹಾಳೆ ಸಾಲದ್ದರಿಂದ ಅವು ಗ್ರಹಗಳನ್ನು ಒಂದಕ್ಕೊಂದು ಒತ್ತಿ ಕೂರಿಸುತ್ತವೆ. ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗಬೇಕು. ಭೂಮಿ ಒಂದು ಜೋಳದ ಕಾಳು ಎಂದಿಟ್ಟುಕೊಳ್ಳಿ. ಚಂದ್ರ ಗಸಗಸೆಯಷ್ಟು, ಅಂತರ ಐದು ಅಂಗುಲ. ಸೂರ್ಯ ದೊಡ್ಡ ಕುಂಬಳಕಾಯಿ, ಜೋಳದಿಂದ ಸುಮಾರು 47 ಮೀಟರ್ ದೂರ. ಗುರು ಲಿಂಬೆಹಣ್ಣು, ಸೂರ್ಯನಿಂದ ಕಾಲು ಕಿಲೋಮೀಟರ್. ನೆಪ್ಚೂನ್ ಇಡಬೇಕೆಂದರೆ ಸುಮಾರು 1.4 ಕಿಲೋಮೀಟರ್ ನಡೆಯಬೇಕು. "ಇಷ್ಟ ಸಣ್ಣದರಾಗ ನಮ್ಮೂರು ಎಲ್ಲೈತ್ರಿ ಸರ್?" ಎಂದು ಹಿರೇಕೆರೂರು ಕಡೆಯ ಒಬ್ಬ ಹುಡುಗಿ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದ್ದಳು. ಪ್ಲೂಟೋವನ್ನು ಗ್ರಹಗಳ ಪಟ್ಟಿಯಿಂದ ತೆಗೆದದ್ದು 2006ರ ಆಗಸ್ಟ್ 24ಕ್ಕೆ. ನಮ್ಮ ಹಾವೇರಿ ಜಿಲ್ಲೆ ಹುಟ್ಟಿದ್ದು 1997ರ ಅದೇ ತಾರೀಖಿಗೆ. ಮಕ್ಕಳು ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳುತ್ತಿದ್ದರು.

ಈಗಿನ ಗುರುಗಳಿಗೆ ಗ್ರಹಣವನ್ನು ಕಾಯುವ ಗರಜಿಲ್ಲ. ನಮ್ಮ ಸೀಮೆಯಲ್ಲಿ ವರ್ಷಕ್ಕೆರಡು ಬಾರಿ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಏಪ್ರಿಲ್ ಕೊನೆಗೆ ಬಂದಾಗ ಶಾಲೆಗೆ ಸೂಟಿ. ಆಗಸ್ಟ್ ಎರಡನೇ ವಾರದಲ್ಲಿ ಶಾಲೆ ಇರುತ್ತದೆ, ಆದರೆ ಮೋಡ. ಆದರೂ ಬಿಸಿಲು ಬಿದ್ದರೆ ನೋಡಿ: ಆಗಸ್ಟಿನಲ್ಲಿ ಸವಣೂರಿನ ಕೋಲು ಮೊದಲು ನೆರಳು ಕಳೆದುಕೊಳ್ಳುತ್ತದೆ, ದಕ್ಷಿಣದ ಹಿರೇಕೆರೂರಿನದು ಒಂದೆರಡು ದಿನ ತಡವಾಗಿ. ಎರಡೂ ಊರಿನ ಶಾಲೆಗಳವರು ಫೋನಿನಲ್ಲಿ ಮಾತಾಡಿಕೊಂಡು ಒಂದೇ ಅಳತೆಯ ಕೋಲು ನೆಡಬಹುದು.